ನಮ್ಮ ತೋಡಿನ ಏರೋಪ್ಲೇನ್ ಚಿಟ್ಟೆಗಳ ಲೆಕ್ಕ

ಇಲ್ಲಿ ಕೂತವರಲ್ಲಿ ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ಒಮ್ಮೆಯೂ ದಾರ ಕಟ್ಟದವರು ಯಾರಿದ್ದೀರಿ, ಕೈ ಎತ್ತಿ ನೋಡೋಣ. ಒಬ್ಬರೂ ಇಲ್ಲ. ಮಕ್ಕಳು ಬಿಡಿ, ಹಿಂದಿನ ಸಾಲಿನ ಹಿರಿಯರೂ ನಗುತ್ತಿದ್ದಾರೆ. ನಾನೂ ಕಟ್ಟಿದ್ದೇನೆ. ಕಟ್ಟಿ ಸಣ್ಣ ಕಲ್ಲು ಎತ್ತಿಸಿದ್ದೇನೆ, ನನ್ನ ಹುಳವೇ ದೊಡ್ಡ ಕಲ್ಲು ಎತ್ತಿತು ಅಂತ ತಮ್ಮನ ಹತ್ತಿರ ಜಗಳವನ್ನೂ ಆಡಿದ್ದೇನೆ. ಪಾಪದ ಕೆಲಸ, ಆದರೆ ಅದರಿಂದ ಒಂದು ವಿದ್ಯೆ ಬಂತು. ಹಿಂದಿನಿಂದ ಬಗ್ಗಿ ಹೋಗಬೇಕು, ನಮ್ಮ ನೆರಳು ಅದರ ಮೇಲೆ ಬೀಳಬಾರದು, ಹಾರಿ ಹೋದರೆ ಬೆನ್ನಟ್ಟದೆ ಅಲ್ಲೇ ಕೂರಬೇಕು, ಯಾಕೆಂದರೆ ಸುಮಾರು ಸಲ ಅದೇ ಕಡ್ಡಿಗೆ ವಾಪಸ್ ಬಂದು ಕೂರುತ್ತದೆ. ಫೋಟೋ ತೆಗೆಯಲು ಇವತ್ತು ಬೇಕಾಗಿರುವುದೂ ಇದೇ ವಿದ್ಯೆ. ಹಿಡಿಯುವುದು ನಮ್ಮ ಕೊಡಗಿನವರಿಗೆಲ್ಲ ಬರುತ್ತದೆ. ನೋಡಿದ್ದನ್ನು ಹೆಸರಿಟ್ಟು ಬರೆದಿಡುವುದು ಮಾತ್ರ ಯಾರೂ ಕಲಿಸಲಿಲ್ಲ.

ಹೆಸರಿನ ವಿಷಯವೇ ಮೊದಲು ಹೇಳುತ್ತೇನೆ. ಏರೋಪ್ಲೇನ್ ಚಿಟ್ಟೆ, ಹೆಲಿಕಾಪ್ಟರ್ ಹುಳ ಅಂತೆಲ್ಲ ಕರೆಯುತ್ತೇವೆ. ಚಿಟ್ಟೆಯಂತೂ ಅಲ್ಲವೇ ಅಲ್ಲ. ವಿಮಾನ ಬಂದು ನೂರು ಚಿಲ್ಲರೆ ವರ್ಷ ಆಯಿತು, ಈ ಹುಳದ ವಂಶ ಡೈನೋಸಾರ್‌ಗಿಂತ ಹಳೆಯದು. ಮೊಮ್ಮಗನ ಹೆಸರನ್ನು ತಂದು ಅಜ್ಜನಿಗೆ ಇಟ್ಟ ಹಾಗಾಯಿತು. ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು, ವಯನಾಡಿನ ಕಡೆಯವರು. ಅವರು ಇದಕ್ಕೆ ತುಂಬಿ ಅನ್ನುತ್ತಿದ್ದರು. ಕನ್ನಡದಲ್ಲಿ ತುಂಬಿ ಅಂದರೆ ದುಂಬಿ, ಹೂವಿಗೆ ಗುಂಯ್ ಅಂತ ಬರುವುದು. ಹಾಗಾಗಿ ಚಿಕ್ಕವನಿದ್ದಾಗ ಅಜ್ಜಿಗೆ ಕಣ್ಣು ಮಂಜು ಅಂದುಕೊಂಡಿದ್ದೆ. ಮಲಯಾಳದಲ್ಲಿ ದಪ್ಪಗಿನದು ಕಲ್ಲನ್ ತುಂಬಿ, ಸಪೂರದ್ದು ಸೂಚಿ ತುಂಬಿ. ಇಂಗ್ಲಿಷಿನವರು ಡ್ರ್ಯಾಗನ್‌ಫ್ಲೈ, ಡ್ಯಾಮ್ಸೆಲ್‌ಫ್ಲೈ ಅಂತ ಬೇರೆ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಅಜ್ಜಿಯ ಸೂಜಿ ನನಗೆ ಇಷ್ಟ. ಇವತ್ತಿನ ಮಾತಿಗೆ ದಪ್ಪದ್ದನ್ನು ಏರೋಪ್ಲೇನ್, ಸಪೂರದ್ದನ್ನು ಸೂಜಿ ಅಂತಲೇ ಕರೆಯುತ್ತೇನೆ. ನಿಮ್ಮ ಮನೆಯ ಹಿರಿಯರು ಬೇರೆ ಏನಾದರೂ ಹೇಳುತ್ತಿದ್ದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಹುಳದ ಜೊತೆ ಹೆಸರೂ ಹೋಗುತ್ತಾ ಇದೆ.

ಎರಡನ್ನೂ ಬೇರೆ ಮಾಡುವುದು ಸುಲಭ. ಕೂತಾಗ ರೆಕ್ಕೆ ಎರಡೂ ಕಡೆ ಚಾಚಿದ್ದರೆ ಏರೋಪ್ಲೇನ್, ಬೆನ್ನ ಮೇಲೆ ಮಡಚಿದ್ದರೆ ಸೂಜಿ. ಕಣ್ಣು ಇನ್ನೂ ಒಳ್ಳೆಯ ಗುರುತು. ಏರೋಪ್ಲೇನಿಗೆ ತಲೆಯೆಲ್ಲ ಕಣ್ಣೇ, ಎರಡೂ ಮೇಲೆ ಬಂದು ತಾಗುತ್ತವೆ. ಸೂಜಿಯ ಕಣ್ಣುಗಳು ಜಿಮ್ಮಿನ ಡಂಬೆಲ್ ಹಾಗೆ ಆ ಕಡೆ ಒಂದು, ಈ ಕಡೆ ಒಂದು. ಇದಕ್ಕೂ ತಪ್ಪಿಸಿಕೊಳ್ಳುವವರು ಇದ್ದಾರೆ, ಎಲ್ಲ ಊರಲ್ಲೂ ಇರುವ ಹಾಗೆ. ಹೊಳೆಯ ಬಂಡೆ ಮೇಲೆ ಕೂರುವ ಕ್ಲಬ್‌ಟೇಲ್ ಅನ್ನುವ ಗುಂಪಿಗೆ ಕಣ್ಣು ದೂರ ದೂರ, ಆದರೂ ಅವು ಏರೋಪ್ಲೇನ್‌ಗಳೇ. ಸ್ಪ್ರೆಡ್‌ವಿಂಗ್ ಅನ್ನುವ ಸೂಜಿ ರೆಕ್ಕೆ ಅರ್ಧ ಬಿಚ್ಚಿಕೊಂಡೇ ಕೂರುತ್ತದೆ. ಒಂದೇ ಗುರುತು ನೋಡಿ ತೀರ್ಮಾನ ಮಾಡಬೇಡಿ ಅಂತ ಇಷ್ಟು ಹೇಳಿದೆ.

ಈಗ ನನ್ನ ದಡ್ಡತನದ ಕಥೆ. ಬರೆದಿಡಲು ಶುರು ಮಾಡಿದ ಮೊದಲ ಎರಡು ವರ್ಷ ನಮ್ಮ ಗದ್ದೆಯಲ್ಲಿ ಎರಡು ಬಗೆ ಹುಳ ಅಂತ ಬರೆದಿದ್ದೆ. ನಾಟಿ ಆದ ಮೇಲೆ ಪೈರಿನ ಮೇಲೆ ಚಿಟ್ಟೆ ಥರ ಮೆಲ್ಲಗೆ ತೇಲುತ್ತಾ ಹೋಗುವುದನ್ನು ನೀವೂ ನೋಡಿರುತ್ತೀರಿ. ಒಂದರ ರೆಕ್ಕೆ ಬುಡದಿಂದ ಅರ್ಧದವರೆಗೆ ನೀಲಿಗಪ್ಪು, ಅದಕ್ಕೆ ಹಾಲಿನ ಬಣ್ಣದ ಅಂಚು, ತುದಿ ಗಾಜಿನ ಹಾಗೆ. ಇನ್ನೊಂದರದ್ದು ಹಳದಿ ರೆಕ್ಕೆ, ತುದಿ ಕಂದುಗಪ್ಪು. ಯಾರಾದರೂ ಬೇರೆ ಬೇರೆ ಅಂತಲೇ ಹೇಳುತ್ತಾರೆ, ಅಲ್ವಾ? ಒಂದು ದಿನ ಬದುವಿನ ಮೇಲೆ ಕೂತು ಕಾಫಿ ಕುಡಿಯುವಾಗ ನೋಡುತ್ತೇನೆ, ಎರಡೂ ಸೇರಿಕೊಂಡಿವೆ. ಗಂಡ ಹೆಂಡತಿ! ಪೈಡ್ ಪ್ಯಾಡಿ ಸ್ಕಿಮ್ಮರ್ ಅಂತ ಅದರ ಇಂಗ್ಲಿಷ್ ಹೆಸರು, ಹೆಸರಲ್ಲೇ ಭತ್ತ ಇದೆ. ಎರಡು ವರ್ಷದ ಲೆಕ್ಕದಲ್ಲಿ ಒಂದು ಜಾತಿ ಜಾಸ್ತಿ ಬರೆದಿದ್ದೆ.

ಅವತ್ತಿನಿಂದ ಗಂಡು ಹೆಣ್ಣು ಬೇರೆ ಬೇರೆ ಬರೆಯುತ್ತೇನೆ. ಗುರುತು ಹಿಡಿಯುವುದು ಹೀಗೆ. ನಾವು ಬಾಲ ಅನ್ನುತ್ತೇವಲ್ಲ, ಅದು ನಿಜವಾಗಿ ಹೊಟ್ಟೆ, ಅದರಲ್ಲಿ ಹತ್ತು ಗೆಣ್ಣು. ಗಂಡಾದರೆ ಎದೆಯ ಹತ್ತಿರ ಎರಡನೇ ಗೆಣ್ಣಿನ ಅಡಿಯಲ್ಲಿ ಸಣ್ಣ ಉಬ್ಬು ಕಾಣುತ್ತದೆ, ಪಕ್ಕದಿಂದ ನೋಡಬೇಕು. ತುದಿಯಲ್ಲಿ ಇಕ್ಕಳದ ಹಾಗೆ ಕೊಂಡಿ. ಆ ಕೊಂಡಿಯಿಂದಲೇ ಹೆಣ್ಣನ್ನು ಹಿಡಿಯುವುದು, ಏರೋಪ್ಲೇನ್ ಆದರೆ ತಲೆಯ ಹಿಂದೆ, ಸೂಜಿಯಾದರೆ ಕುತ್ತಿಗೆಯಲ್ಲಿ. ಹೆಣ್ಣು ಬಾಲವನ್ನು ಮುಂದಕ್ಕೆ ಬಗ್ಗಿಸಿ ಆ ಉಬ್ಬಿಗೆ ತಾಗಿಸಿದಾಗ ಎರಡೂ ಸೇರಿ ಹೃದಯದ ಆಕಾರ ಆಗುತ್ತದೆ. ಫೋಟೋ ನೋಡಿದವರು ಎಷ್ಟು ಪ್ರೀತಿ ಅನ್ನುತ್ತಾರೆ. ಹಿಂದಿನ ಗಂಡು ಬಿಟ್ಟುಹೋದದ್ದನ್ನು ಈ ಗಂಡು ಮೊದಲು ಕೆರೆದು ಹೊರಗೆ ಹಾಕುತ್ತದೆ, ಆಮೇಲೆ ಮುಂದಿನ ಮಾತು. ಮಕ್ಕಳಿದ್ದಾರೆ, ಇಷ್ಟಕ್ಕೆ ಬಿಡುತ್ತೇನೆ.

ಬಾಲದ ಕೊಂಡಿಯ ಮಾತು ಯಾಕೆ ತೆಗೆದೆ ಅಂದರೆ, ನಮ್ಮ ತೋಟಗಳಲ್ಲಿ ಅದು ಇಲ್ಲದೆ ಹೆಸರು ಹೇಳಲು ಆಗದ ಹುಳಗಳು ಸುಮಾರಿವೆ. ಕಾಫಿ ತೋಟದ ಒಳಗೆ ನೆರಳಲ್ಲಿ ಹರಿಯುವ ತೋಡಿಗೆ ಹೋಗಿ. ಪಚ್ಚೆ ಕಂಚಿನ ಬಣ್ಣದ ಉದ್ದ ಮೈ, ಗಾಜಿನ ರೆಕ್ಕೆ, ಎಲೆಯ ಮೇಲೆ ಬಿದ್ದ ಒಂದು ತುಂಡು ಬಿಸಿಲಿನಲ್ಲಿ ಕೂತಿರುತ್ತದೆ. ಫಾರೆಸ್ಟ್ ಗ್ಲೋರಿ ಅಂತ. ರೆಕ್ಕೆಯ ತುದಿಗೆ ಶಾಯಿ ಅದ್ದಿದ ಹಾಗೆ ಕಪ್ಪಿದ್ದರೆ ಬ್ಲ್ಯಾಕ್ ಟಿಪ್ಡ್, ಅದು ಸುಲಭ. ಕಪ್ಪು ಇಲ್ಲದ್ದರಲ್ಲಿ ಬೇರೆ ಬೇರೆ ಜಾತಿ ಇವೆ, ಅವುಗಳ ಕೊಂಡಿ ನೋಡಿಯೇ ಹೇಳಬೇಕು. ಅದಕ್ಕೇ ನನ್ನ ಬಡಬಡಿಕೆ, ಒಂದು ಹುಳಕ್ಕೆ ಕಡಿಮೆ ಅಂದರೆ ಮೂರು ಫೋಟೋ. ಪಕ್ಕದಿಂದ ಒಂದು, ಎದೆಯ ಪಟ್ಟೆ ಕಾಣಬೇಕು. ಮೇಲಿನಿಂದ ಒಂದು. ಬಾಲದ ತುದಿಯದ್ದು ಒಂದು, ಅದು ಎಷ್ಟು ಹತ್ತಿರ ಆಗುತ್ತದೋ ಅಷ್ಟು. ಮುಖದ್ದು ಸಿಕ್ಕರೆ ಪುಣ್ಯ. ಹೂವಿನ ಹಿನ್ನೆಲೆಯಲ್ಲಿ ಚಂದದ ಒಂದೇ ಫೋಟೋ ಕಳಿಸಿ ಇದು ಯಾವುದು ಸಾರ್ ಅಂತ ಕೇಳುವವರು ಜಾಸ್ತಿ. ಚಂದ ಇದೆ ಅಂತ ಮಾತ್ರ ಉತ್ತರ ಕೊಡಲು ಸಾಧ್ಯ.

ಅದೇ ತೋಡು ಕೆಳಗೆ ಹೋಗಿ ಹೊಳೆ ಆಗುವ ಕಡೆ, ಕಲ್ಲಿನ ಮೇಲೆ ಸ್ಟ್ರೀಮ್ ಗ್ಲೋರಿ ಸಿಗುತ್ತದೆ. ಗಂಡು ಸುಮ್ನೆ ಕೂತಿದ್ದರೆ ಕಂದು ಕಡ್ಡಿ ಅಂದುಕೊಂಡು ದಾಟಿ ಹೋಗುತ್ತೀರಿ. ಹಿಂದಿನ ರೆಕ್ಕೆ ಬಿಚ್ಚಿದ ಒಂದು ಕ್ಷಣಕ್ಕೆ ನವಿಲಿನ ಹಸಿರು ಮಿಂಚುತ್ತದೆ, ಮತ್ತೆ ಮುಚ್ಚುತ್ತದೆ. ಹರಿಯುವ ಒಳ್ಳೆಯ ನೀರು ಬೇಕು ಇದಕ್ಕೆ. ಪೇಟೆಯ ಚರಂಡಿ ನೀರಲ್ಲೂ ಸಂಸಾರ ಮಾಡುವ ಡಿಚ್ ಜ್ಯುವೆಲ್ ಅನ್ನುವ ಕಿತ್ತಳೆ ಬಣ್ಣದ್ದೂ ಇದೆ. ಅದನ್ನು ಕಂಡ ಕೂಡಲೇ ನೀರು ಕೆಟ್ಟಿದೆ ಅನ್ನಬೇಡಿ, ಒಳ್ಳೆಯ ಕೆರೆಗೂ ಅದು ಬರುತ್ತದೆ. ಮೊದಲು ಬೇರೆಯವೂ ಇದ್ದು ಈಗ ಅದು ಮಾತ್ರ ಉಳಿದಿದೆಯಾ ಅನ್ನುವುದು ಪ್ರಶ್ನೆ. ಆ ಮೊದಲು ಅನ್ನುವುದನ್ನು ಯಾರಾದರೂ ಬರೆದಿರಬೇಕಲ್ಲ.

ಕೊಡಗಿನಲ್ಲಿ ಬರೆದವರು ಒಬ್ಬರು ಇದ್ದರು. ಫ್ರೇಸರ್ ಅಂತ, ಬ್ರಿಟಿಷ್ ಕಾಲದ ಮಿಲಿಟರಿ ಡಾಕ್ಟರ್. ಕೆಲಸ ಔಷಧಿ ಕೊಡುವುದು, ಹುಚ್ಚು ಈ ಹುಳಗಳದ್ದು. ನಮ್ಮ ಹೊಳೆ ತೋಡುಗಳಲ್ಲಿ ಬಲೆ ಹಿಡಿದು ಅಲೆದು, 1920ರ ದಶಕದಲ್ಲಿ ಒಂದಾದ ಮೇಲೊಂದು ಹೊಸ ಜಾತಿಗಳನ್ನು ವಿವರಿಸಿದರು. 1933ರಿಂದ 1936ರ ನಡುವೆ ಇಡೀ ಬ್ರಿಟಿಷ್ ಇಂಡಿಯಾದ ಏರೋಪ್ಲೇನ್ ಮತ್ತು ಸೂಜಿಗಳ ಮೇಲೆ ಮೂರು ಸಂಪುಟ ತಂದರು, ಇವತ್ತಿಗೂ ತಕರಾರು ಬಂದಾಗ ಅದನ್ನೇ ತೆರೆಯುತ್ತಾರೆ. ಅವರು 1923ರಲ್ಲಿ ಒಂದು ಕ್ಲಬ್‌ಟೇಲ್‌ಗೆ ಇಟ್ಟ ಹೆಸರು ಗೊಂಫಿಡಿಯಾ ಕೊಡಗುಯೆನ್ಸಿಸ್. ಸರ್ಕಾರಿ ಕಾಗದದಲ್ಲೆಲ್ಲ ಕೂರ್ಗ್ ಅಂತಿದ್ದ ಕಾಲದಲ್ಲಿ ಒಬ್ಬ ಇಂಗ್ಲಿಷಿನವನು ಹುಳದ ಹೆಸರಲ್ಲಿ ಕೊಡಗು ಅಂತ ಸರಿಯಾಗಿ ಬರೆದಿದ್ದಾನೆ. ನಾವೇ ಇನ್ನೂ ಹೋಂಸ್ಟೇ ಬೋರ್ಡಿನಲ್ಲಿ ಕೂರ್ಗ್ ಬರೆಯುತ್ತೇವೆ, ಇರಲಿ.

ಪ್ರಪಂಚದಲ್ಲಿ ಇವು 6000ಕ್ಕೂ ಹೆಚ್ಚು ಜಾತಿ. ಭಾರತದಲ್ಲಿ ಸುಮಾರು 500, ಪಶ್ಚಿಮ ಘಟ್ಟದಲ್ಲಿ 200ರ ಆಚೀಚೆ. ಆ 200ರಲ್ಲಿ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದವು ತುಂಬಾ. ನಮ್ಮ ಜಿಲ್ಲೆ ಸಣ್ಣದು, ಆದರೆ ಭಾಗಮಂಡಲದ ಮಳೆ ಬೇರೆ, ಕುಶಾಲನಗರದ ಮಳೆ ಬೇರೆ. ಎರಡು ಗಂಟೆ ಬಸ್ಸಲ್ಲಿ ಕೂತರೆ ಹುಳಗಳ ಪಟ್ಟಿಯೇ ಬದಲಾಗುತ್ತದೆ.

ಈಗ ಹೊರಗೆ ಮೈದಾನದ ಮೇಲೆ ನೋಡಿದ್ದೀರಾ? ಬರುವಾಗ ನಾನು ನೋಡಿದೆ. ಹಳದಿ ಬಣ್ಣದವು, ತಲೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಕೂರುವುದೇ ಇಲ್ಲ, ಹಾರುತ್ತಲೇ ಇವೆ. ವಾಂಡರಿಂಗ್ ಗ್ಲೈಡರ್. ಮಲಯಾಳದಲ್ಲಿ ಇದಕ್ಕೆ ತುಲಾತುಂಬಿ ಅಂತ ಹೆಸರು, ತುಲಾ ಮಾಸದಲ್ಲಿ ಕಾಣುವುದು. ನಮಗೂ ಅದೇ ತಿಂಗಳು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಜನ ಹೋಗುವ ಹೊತ್ತಿಗೆ ಇವೂ ಹೊರಟಿರುತ್ತವೆ, ಆದರೆ ಇವುಗಳ ಯಾತ್ರೆ ದೂರ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಅನ್ನುವ ಸಮುದ್ರ ಜೀವಶಾಸ್ತ್ರಜ್ಞ ಒಂದು ವಿಷಯ ಗಮನಿಸಿದರು. ಸಿಹಿನೀರಿನ ಹೊಳೆ ಕೆರೆ ಇಲ್ಲದ ಆ ದ್ವೀಪಗಳಿಗೆ ಪ್ರತಿ ವರ್ಷ ಅಕ್ಟೋಬರ್ ಸುಮಾರಿಗೆ ಈ ಹುಳ ಲಕ್ಷಗಟ್ಟಲೆ ಬರುತ್ತದೆ. ಎಲ್ಲಿಂದ? ಅವರು ವರ್ಷಗಟ್ಟಲೆ ತಾರೀಕು ಬರೆದಿಟ್ಟರು. ಚೆನ್ನೈಯಂಥ ಕಡೆ ಮೊದಲು ಕಾಣುತ್ತದೆ, ಆಮೇಲೆ ಮಾಲ್ಡೀವ್ಸ್‌ನ ರಾಜಧಾನಿ ಮಾಲೆ, ಆಮೇಲೆ ಇನ್ನೂ ದಕ್ಷಿಣದ ದ್ವೀಪಗಳು. ಭಾರತದಿಂದ ಹಿಂದೂ ಮಹಾಸಾಗರ ದಾಟಿ ಆಫ್ರಿಕಾದ ಕಡೆಗೆ, ಗಾಳಿ ಹಿಡಿದುಕೊಂಡು ಹೋಗುತ್ತವೆ ಅಂತ 2009ರಲ್ಲಿ ಬರೆದರು. ಒಂದೇ ಹುಳ ಹೋಗಿ ಬರುವುದಿಲ್ಲ. ಮಳೆಗುಂಡಿಯಲ್ಲಿ ಮೊಟ್ಟೆ, ಒಂದೂವರೆ ಎರಡು ತಿಂಗಳಲ್ಲಿ ಮರಿ ದೊಡ್ಡದಾಗಿ ಹಾರಿ ಮುಂದಿನ ದಾರಿ ಹಿಡಿಯುತ್ತದೆ. ಅರ್ಧ ಗ್ರಾಮೂ ತೂಗದ ಹುಳ! ಇದನ್ನು ಕಂಡುಹಿಡಿಯಲು ದೊಡ್ಡ ಯಂತ್ರ ಬೇಕಾಗಲಿಲ್ಲ, ತಾರೀಕು ಬರೆಯುವ ಅಭ್ಯಾಸ ಬೇಕಿತ್ತು. ನಿಮ್ಮ ಕಣದ ಮೇಲೆ ಇವು ಮೊದಲ ಸಲ ಕಂಡ ದಿನ ಯಾವುದು ಅಂತ ಹತ್ತು ವರ್ಷ ಬರೆದರೆ ಅದೂ ಅದೇ ಜಾತಿಯ ಕೆಲಸ.

ಮಧ್ಯೆ ಒಂದು ತಮಾಷೆ. ತೊಳೆದು ನಿಲ್ಲಿಸಿದ ಜೀಪಿನ ಬಾನೆಟ್‌ಗೆ ಏರೋಪ್ಲೇನ್ ಬಂದು ಬಾಲ ಕುಟ್ಟುವುದನ್ನು ಕಂಡಿದ್ದೀರಾ? ಮೊಟ್ಟೆ ಇಡುವುದು ಅದು. ಹೊಳೆಯುವ ಬಾನೆಟ್ಟಿನ ಬೆಳಕು ನೀರಿನ ಮೇಲಿನ ಬೆಳಕಿನ ಹಾಗೇ ಅದರ ಕಣ್ಣಿಗೆ ಕಾಣುತ್ತದೆ, ಮೋಸ ಹೋಗುತ್ತದೆ. ನಮ್ಮ ಜೀಪು ತೊಳೆಯುವುದು ವರ್ಷಕ್ಕೆ ಎರಡು ಸಲ, ಹಾಗಾಗಿ ನನ್ನ ಮೇಲೆ ಆ ಪಾಪ ಇಲ್ಲ.

ಹಾರುವ ಹುಳ ನೋಡಿದರೆ ಅದು ಇಲ್ಲಿ ಹುಟ್ಟಿದ್ದೋ ಎಲ್ಲಿಂದಲೋ ಬಂದದ್ದೋ ಗೊತ್ತಾಗುವುದಿಲ್ಲ. ಅದಕ್ಕೆ ಮರಿ ಕಳಚಿ ಬಿಟ್ಟ ಪೊರೆ ಹುಡುಕಬೇಕು. ಮರಿ ಇರುವುದು ನೀರಲ್ಲಿ, ನೋಡಲು ಜೇಡನಿಗೂ ಜಿರಲೆಗೂ ಹುಟ್ಟಿದ ಹಾಗೆ ಇರುತ್ತದೆ. ಮಡಚಿಟ್ಟ ಕೆಳದುಟಿಯನ್ನು ಫಟ್ ಅಂತ ಮುಂದೆ ಚಾಚಿ ಸೊಳ್ಳೆ ಮರಿ, ಗೊದಮೊಟ್ಟೆ ಹಿಡಿಯುತ್ತದೆ. ಬಾಲದ ತುದಿಯಲ್ಲಿ ಮೂರು ಎಲೆಯಂಥ ಕಿವಿರು ಇದ್ದರೆ ಸೂಜಿಯ ಮರಿ, ಇಲ್ಲದಿದ್ದರೆ ಏರೋಪ್ಲೇನಿನದ್ದು.

ನಮ್ಮ ಕಣದ ಪಕ್ಕ ಒಂದು ಹಳೆ ಸಿಮೆಂಟ್ ತೊಟ್ಟಿ ಇದೆ. ಅದರ ಗೋಡೆಯ ಮೇಲೆ ಗ್ರಾನೈಟ್ ಘೋಸ್ಟ್ ಅನ್ನುವುದು ಸದಾ ಕೂತಿರುತ್ತದೆ, ಕಲ್ಲಿನ ಬಣ್ಣವೇ, ಕೈ ಇಟ್ಟಾಗ ಹಾರಿದರೆ ಮಾತ್ರ ಇತ್ತು ಅಂತ ಗೊತ್ತು. ಒಂದು ರಾತ್ರಿ ಊಟ ಆಗಿ ಟಾರ್ಚ್ ಹಿಡಿದು ಮೋಟಾರ್ ಆಫ್ ಮಾಡಲು ಹೋದೆ. ಒಂದು ಮರಿ ನೀರಿನಿಂದ ಹೊರಗೆ ಹತ್ತಿ, ಒಂದು ಗೇಣು ಮೇಲೆ ಗೋಡೆಗೆ ಕಚ್ಚಿಕೊಂಡು ನಿಂತಿತ್ತು. ಬೆನ್ನು ಬಿರಿದಿತ್ತು. ನೋಡುತ್ತಾ ಇದ್ದ ಹಾಗೆ ತಲೆ ಬಂತು, ಎದೆ ಬಂತು, ಕಾಲು ಬಂತು, ಬಂದದ್ದೇ ಹಿಂದಕ್ಕೆ ವಾಲಿ ತಲೆಕೆಳಗಾಗಿ ಜೋತು ಬಿತ್ತು. ಸತ್ತೇ ಹೋಯಿತು ಅಂದುಕೊಂಡೆ, ಅರ್ಧ ಗಂಟೆ ಅಲ್ಲಾಡಲಿಲ್ಲ. ಕಾಲು ಗಟ್ಟಿಯಾಗಲು ಕಾಯುತ್ತಿತ್ತು ಅಂತ ಆಮೇಲೆ ಓದಿದೆ. ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಎದ್ದು ತನ್ನದೇ ಪೊರೆಯ ತಲೆ ಹಿಡಿದು ಬಾಲ ಎಳೆದುಕೊಂಡಿತು. ರೆಕ್ಕೆ ಒದ್ದೆ ಕಾಗದದ ಉಂಡೆ. ಅದು ಬಿಚ್ಚುತ್ತಾ ಬಿಚ್ಚುತ್ತಾ ಹಾಲಿನ ಬಣ್ಣದ ಉದ್ದ ರೆಕ್ಕೆ ಆಯಿತು. ಮೋಟಾರ್ ಆಫ್ ಮಾಡಲು ಹೋದವನು ಎಲ್ಲಿ ಅಂತ ಮನೆಯವಳು ಹುಡುಕಿಕೊಂಡು ಬಂದು, ಬೈದು, ಆಮೇಲೆ ಅವಳೂ ಅಲ್ಲೇ ಕೂತಳು. ಮೋಟಾರ್ ಓಡುತ್ತಲೇ ಇತ್ತು. ಬೆಳಿಗ್ಗೆ ಗೋಡೆಯಲ್ಲಿ ಖಾಲಿ ಪೊರೆ, ಬೆನ್ನಿನ ಸೀಳಿನಿಂದ ಬಿಳಿ ನೂಲಿನಂಥದ್ದು ಹೊರಗೆ ಬಂದಿತ್ತು, ಅದು ಅದರ ಉಸಿರಿನ ಕೊಳವೆಗಳ ಒಳಪದರ. ಆ ಪೊರೆ ಬೆಂಕಿಪೆಟ್ಟಿಗೆಯಲ್ಲಿ ಇನ್ನೂ ಇದೆ, ತಾರೀಕು ಸಮೇತ. ಆ ತೊಟ್ಟಿಯಲ್ಲಿ ಅದು ಹುಟ್ಟುತ್ತದೆ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಬರೆಯುವುದು ಏನು ಅಂತ ಕೇಳಿದರೆ, ತಾರೀಕು, ಹೊತ್ತು, ಜಾಗ, ಬಿಸಿಲೋ ಮೋಡವೋ, ಎಷ್ಟು ಕಂಡವು, ಗಂಡೋ ಹೆಣ್ಣೋ, ಏನು ಮಾಡುತ್ತಿದ್ದವು. ಜಾಗ ಅಂದರೆ ಗೋಣಿಕೊಪ್ಪ ಅಂತ ಬರೆದರೆ ಆಗಲಿಲ್ಲ. ತೋಡೋ, ಗದ್ದೆಯೋ, ಕೆರೆಯ ಯಾವ ಅಂಚೋ, ಅಷ್ಟು ಬೇಕು. ಫೋನಿನಲ್ಲಿ ಲೊಕೇಶನ್ ಆನ್ ಇಟ್ಟು ತೆಗೆದ ಫೋಟೋ ಅದನ್ನು ತಾನೇ ಇಟ್ಟುಕೊಳ್ಳುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸುವ ಹಾಗೆ ಕಳಿಸಿದರೆ ಫೋಟೋದ ಒಳಗಿನ ಜಾಗ, ತಾರೀಕು ಹಾರಿ ಹೋಗುತ್ತದೆ. ಜನ ತಾವು ನೋಡಿದ ಜೀವಿಗಳ ಫೋಟೋ ಹಾಕಿ ಹೆಸರು ಕೇಳುವ ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ತಾಣಗಳಿವೆ, ಒರಿಜಿನಲ್ ಫೋಟೋವನ್ನೇ ಅಲ್ಲಿಗೆ ಹಾಕಿ. ಮನೆಯ ಜಾಗ ತೋರಿಸಲು ಇಷ್ಟ ಇಲ್ಲದಿದ್ದರೆ ಅಲ್ಲಿ ಮಸುಕು ಮಾಡುವ ವ್ಯವಸ್ಥೆ ಇದೆ. ಆ್ಯಪ್ ತಾನೇ ಒಂದು ಹೆಸರು ಸೂಚಿಸುತ್ತದೆ, ಕೂಡಲೇ ಹೌದು ಅಂತ ಒತ್ತಬೇಡಿ, ಕೆಲವು ಸಲ ನಮ್ಮ ಕಡೆ ಇಲ್ಲದ್ದನ್ನೂ ಹೇಳುತ್ತದೆ. ಗೊತ್ತಾಗದಿದ್ದರೆ ಸೂಜಿ ಅಂತ ಮಾತ್ರ ಹಾಕಿ. ಅದರಲ್ಲಿ ಅವಮಾನ ಏನಿಲ್ಲ, ತಪ್ಪು ಹೆಸರಿಗಿಂತ ಅರ್ಧ ಹೆಸರು ವಾಸಿ. ಹುಳ ಹಿಡಿದು ಸಾಯಿಸಿ ಪಿನ್ ಚುಚ್ಚುವುದು ನಮ್ಮ ಕೆಲಸ ಅಲ್ಲ, ಅಭಯಾರಣ್ಯದ ಒಳಗಂತೂ ಇಲಾಖೆಯ ಅನುಮತಿ ಇಲ್ಲದೆ ಕೈ ಹಾಕಲೇಬೇಡಿ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಅಪರೂಪದ್ದು ಹುಡುಕಿಕೊಂಡು ಇರ್ಪು, ಮಲ್ಲಳ್ಳಿ ಜಲಪಾತ ಅಂತ ಓಡುವವರು ಬೇಕಾದಷ್ಟು ಇದ್ದಾರೆ. ನಿಮ್ಮ ಮನೆ ಹಿಂದಿನ ಕೆರೆಗೆ ನಿಮ್ಮನ್ನು ಬಿಟ್ಟರೆ ಯಾರೂ ಹೋಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ನನ್ನ ಪರಿಚಯದವರ ತೋಟದಲ್ಲಿ ಒಂದು ತೋಡು ಪೂರ್ತಿ ಮಣ್ಣಲ್ಲಿ ಮುಚ್ಚಿ ಹೋಯಿತು. ಮಾರನೇ ವರ್ಷ ಅಲ್ಲಿ ನಿಂತು ಏನೇನು ಹೋಯಿತು ಅಂತ ಅವರು ಕೇಳಿದರು. ಕಾಫಿ ಗಿಡ ಎಷ್ಟು, ಮೆಣಸಿನ ಬಳ್ಳಿ ಎಷ್ಟು ಅಂತ ಅವರ ಹತ್ತಿರ ಲೆಕ್ಕ ಇತ್ತು. ತೋಡಿನದ್ದು ಯಾರ ಹತ್ತಿರವೂ ಇರಲಿಲ್ಲ, ನನ್ನ ಹತ್ತಿರವೂ.

ನನ್ನ ಕೆರೆಯ ಲೆಕ್ಕ ಮಾತ್ರ ನನ್ನ ಹತ್ತಿರ ಇದೆ, ಅದು ನನಗೇ ತಿರುಗಿ ಬಿತ್ತು. ಒಂದು ವರ್ಷ ಕೆರೆ ಚಂದ ಕಾಣಲಿ ಅಂತ ಅಂಚಿನ ಹುಲ್ಲು, ಕೆಸು ಎಲ್ಲ ಕೊಚ್ಚಿಸಿದೆ. ಮೀನೂ ಬಿಟ್ಟೆ. ಫೆಬ್ರವರಿಯಲ್ಲಿ ಕಾಫಿ ಹೂ ಬಿಡಲಿ ಅಂತ ಸ್ಪ್ರಿಂಕ್ಲರ್ ಹಾಕಿ ಕೆರೆಯ ತಳ ಕಾಣಿಸಿದೆ. ಮುಂದಿನ ಮಳೆಗಾಲ ಕಳೆದ ಮೇಲೆ ಹೋದರೆ ಕಿತ್ತಳೆ ಬಾಲದ ಸೂಜಿಗಳು ಇಲ್ಲ, ಹುಲ್ಲಲ್ಲಿ ಸುಮಾರು ಎರಡು ಸೆಂಟಿಮೀಟರ್ ಉದ್ದದ ಪಿಗ್ಮಿ ಡಾರ್ಟ್‌ಲೆಟ್ ಅನ್ನುವ ಸೂಜಿ ಇರುತ್ತಿತ್ತು, ಅದೂ ಇಲ್ಲ. ಬೇಲಿ ತಂತಿಯ ಮೇಲೆ ಹಸಿರು ಕಪ್ಪು ಪಟ್ಟೆಯ ಗ್ರೀನ್ ಮಾರ್ಶ್ ಹಾಕ್ ಒಂದೇ ಕೂತಿತ್ತು. ಅದು ತನ್ನ ಜಾತಿಯವರನ್ನೇ ಹಿಡಿದು ತಿನ್ನುವ ಗಟ್ಟಿ ಆಸಾಮಿ. ಮೀನಿನ ಕೆಲಸವೋ, ಹುಲ್ಲಿನದೋ, ನೀರಿನದೋ ಹೇಳಲು ಬರುವುದಿಲ್ಲ, ಮೂರನ್ನೂ ಒಟ್ಟಿಗೆ ಮಾಡಿದ್ದೆ. ಆಮೇಲೆ ಒಂದು ಬದಿಯ ಅಂಚು ಕೊಚ್ಚುವುದು ಬಿಟ್ಟೆ. ಮೂರನೇ ವರ್ಷ ಆ ಬದಿಯಲ್ಲಿ ಒಂದು ಕಿತ್ತಳೆ ಬಾಲ ಕಂಡಿತು. ಗಂಡು, ಒಂದೇ, ಬೆಳಿಗ್ಗೆ ಹತ್ತೂಕಾಲು.

ನಾಳೆ ಬರುವವರು ಒಂಬತ್ತೂವರೆಗೆ ಗದ್ದೆಯ ಹತ್ತಿರ ಸೇರಿ. ಹಕ್ಕಿ ನೋಡುವವರ ಹಾಗೆ ಕತ್ತಲಲ್ಲಿ ಏಳಬೇಕಾಗಿಲ್ಲ, ಬಿಸಿಲು ಕಾಯದೆ ಈ ಹುಳಗಳು ಏಳುವುದಿಲ್ಲ, ಅದಕ್ಕೇ ನನಗೆ ಇವು ಹೊಂದಿಕೆ ಆದವು. ಮೋಡ ಇದ್ದರೂ ಬನ್ನಿ, ಸೂಜಿಗಳು ಹುಲ್ಲಲ್ಲೇ ಕೂತಿರುತ್ತವೆ. ತೋಡಿನ ಹತ್ತಿರ ಇನ್ನೂ ಜಿಗಣೆ ಇದೆ, ಗಂಬೂಟು ಇದ್ದವರು ಹಾಕಿಕೊಳ್ಳಿ, ಇಲ್ಲದವರು ಸ್ವಲ್ಪ ಉಪ್ಪು ಕಟ್ಟಿಕೊಂಡು ಬನ್ನಿ. ಪೆನ್ನು ಬೇಡ, ಪೆನ್ಸಿಲ್ ತನ್ನಿ. ಒಂದು ಹನಿ ಬಿದ್ದರೆ ಪೆನ್ನಿನ ಬರಹ ಎಲ್ಲ ನೀಲಿ ಆಗುತ್ತದೆ, ನನ್ನ ಮೊದಲ ನೋಟ್‌ಬುಕ್ಕಿನ ಅರ್ಧ ಹಾಗೇ ಇದೆ.